ಬಣ್ಣದ ಕಪಾಟಿನ ಸಿಹಿ

“ಬಟ್ಟೆ ಇಡಿ, ಬೊಂಬೆ ಇಡಿ, ಬೇಕಾದ್ರೆ ಹಳೇ ಚಪ್ಪಲಿ ಇಡಿ. ತಿನ್ನೋದು ಮಾತ್ರ ಇದರೊಳಗೆ ಇಡಬೇಡಿ ಸ್ವಾಮಿ,” ಎಂದಳು ಅಂಗಡಿಯವನ ತಾಯಿ.

ಹಳೆಯ ಮರದ ಸಾಮಾನು ಮಾರುವ ಆ ಅಂಗಡಿಯ ಮೂಲೆಯಲ್ಲಿ, ಕಾಲು ಮುರಿದ ಮಂಚಕ್ಕೆ ಒರಗಿ ಕೂತಿದ್ದಳು ಮುದುಕಿ. ಕಪಾಟು ಕೊಳ್ಳಲು ಬಂದಿದ್ದ ಸಾಹೇಬರಿಗೆ ನಗು ಬಂತು.

“ಯಾಕಜ್ಜಿ, ಒಳಗೆ ದೆವ್ವ ಇದೆಯಾ? ಇದ್ರೆ ಇರಲಿ ಬಿಡಿ, ಅದಕ್ಕೂ ಒಂದು ನೋಟೀಸು ಕೊಡ್ತೀನಿ.”

ನೋಟೀಸು ಕೊಡುವುದೇ ಅವರ ಕೆಲಸ. ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಅಧಿಕಾರಿಯಾಗಿ ಆ ಊರಿಗೆ ವರ್ಗವಾಗಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ಆಗಲೇ ಊರು ಅವರಿಗೆ ‘ಫಿನಾಯಿಲು ಸಾಹೇಬರು’ ಎಂದು ಹೆಸರಿಟ್ಟಿತ್ತು. ಕಾಲಿಟ್ಟಲ್ಲೆಲ್ಲ ಫಿನಾಯಿಲು ಸುರಿಸುತ್ತಿದ್ದರು. ಮನೆಯಲ್ಲೂ ಅಷ್ಟೇ. ಹಾಲನ್ನು ಮೂರು ಸಲ ಮೂಸದೆ ಮಗಳಿಗೆ ಕೊಡುತ್ತಿರಲಿಲ್ಲ. ಕೊಳೆತದ್ದಕ್ಕೆ ಹುಳ ಕಾರಣ, ಹುಳಕ್ಕೆ ನೊಣ ಕಾರಣ, ಮಿಕ್ಕಿದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ ಎನ್ನುವುದು ಅವರ ಸಿದ್ಧಾಂತ.

ಕಪಾಟು ಮಾತ್ರ ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಆಳೆತ್ತರ. ಮೇಲೆ ಎರಡು ಗಾಜಿನ ಬಾಗಿಲು, ಕೆಳಗೆ ನಾಲ್ಕು ಖಾನೆ. ಕಡುಹಸಿರು ಬಣ್ಣದ ಮೇಲೆ ಕೆಂಪು ಹೂವು, ತೂಗುವ ಹಣ್ಣಿನ ಗೊಂಚಲು, ಹಳದಿ ಹಕ್ಕಿಗಳು. ಹಕ್ಕಿಗಳೆಲ್ಲ ಹಸಿದ ಮರಿಗಳಂತೆ ಬಾಯಿ ತೆರೆದುಕೊಂಡಿದ್ದವು.

“ಅಮ್ಮನಿಗೆ ವಯಸ್ಸಾಯ್ತು, ಏನೇನೋ ಆಡ್ತಾಳೆ. ನೀವು ತಗೊಂಡು ಹೋಗಿ ಸಾರ್,” ಎಂದ ಅಂಗಡಿಯವನು, ಬೇರೆಲ್ಲೋ ನೋಡುತ್ತ.

ಮನೆಗೆ ಬಂದ ಕಪಾಟಿನ ಹತ್ತಿರ ಹೋದವಳೇ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ರೀ, ಏನೋ ವಾಸನೆ. ಎಣ್ಣೆ ಹಚ್ಚಿದ ತಲೆ ತಿಂಗಳುಗಟ್ಟಲೆ ತೊಳೀದೇ ಇದ್ರೆ ಬರುತ್ತಲ್ಲ, ಆ ಥರ.”

ಸಾಹೇಬರು ಅಂಗಿಯ ತೋಳು ಮಡಿಸಿ ತಾವೇ ಒರೆಸಲು ನಿಂತರು. ಅರಿವೆಗೆ ಹತ್ತಿದ್ದು ಹಸಿರಲ್ಲ, ಕಂದು ಬಣ್ಣದ ಜಿಗುಟು. ಒಂದು ಹೂವಿನ ನಡುವೆ ಏನೋ ಚುಚ್ಚಿದಂತಾಗಿ ಎಳೆದರು. ಕೂದಲು. ಎಳೆದಷ್ಟೂ ಬಣ್ಣದ ಪದರ ಸೀಳಿಕೊಂಡು ಬಂತು, ಮೊಳದುದ್ದ. ಅದರ ತುದಿಗೆ ಒಂದು ಉಗುರು ಅಂಟಿಕೊಂಡಿತ್ತು, ಬೆರಳಿನಿಂದ ಪೂರ್ತಿ ಕಿತ್ತು ಬಂದ ಉಗುರು. ಥೂ ಎಂದು ಎಸೆದು, ನಾಲ್ಕು ಸಲ ಕೈ ತೊಳೆದುಕೊಂಡರು.

ಆದರೂ ಹಟ ಬಿಡಲಿಲ್ಲ. ಬಾಳೆಹಣ್ಣು, ಬ್ರೆಡ್ಡು, ಒಂದು ಬಟ್ಟಲು ಕೆನೆ ಒಳಗಿಟ್ಟರು. ಮರುದಿನ ಮಧ್ಯಾಹ್ನ ಬಾಗಿಲು ತೆರೆದರೆ ಬಾಳೆಹಣ್ಣು ಕಪ್ಪಗೆ ಕರಗಿ ಹಲಗೆಯಿಂದ ತೊಟ್ಟಿಕ್ಕುತ್ತಿತ್ತು. ಬ್ರೆಡ್ಡಿನ ಮೇಲೆ ಇಲಿಮರಿಯ ಮೈಯಂತೆ ನವಿರು ರೋಮ. ಕೆನೆಯ ಪದರದಡಿ ಏನೋ ಮೆಲ್ಲಗೆ ಹೊರಳಾಡುತ್ತಿತ್ತು.

“ಇವತ್ತೇ ವಾಪಸ್ ಕಳ್ಸಿ,” ಎಂದಳು ಹೆಂಡತಿ. “ನೀವು ಹೇಳಿದ್ರಲ್ಲ, ಆ ಅಜ್ಜಿ ಅಂದಿದ್ದು ಸುಳ್ಳಲ್ಲ.”

‘ಅಜ್ಜಿ’ ಎಂದದ್ದೇ ಸಾಹೇಬರನ್ನು ಕೆರಳಿಸಿತು. ಎಲ್ಲವನ್ನೂ ಬಳಿದು ತೊಳೆದರು. ಮೂರು ಹೊಸ ಸೇಬು ತಂದು ಒಳಗಿಟ್ಟು ನೂರರವರೆಗೆ ಎಣಿಸಿದರು. ಒಂದನ್ನು ತೆಗೆದು, ಹೆಂಡತಿ ಮಗಳ ಎದುರೇ ಕಚ್ಚಿದರು.

“ನೋಡಿ, ಏನಾಯ್ತು? ಪುಟ್ಟೀ, ಇಂಥ ಸಿಹಿ ಸೇಬು ನಾನು ಜನ್ಮದಲ್ಲೇ ತಿಂದಿಲ್ಲ!”

ಹೇಳಿದ್ದು ಪೂರಾ ನಿಜ. ಮಿಕ್ಕೆರಡನ್ನು ಕಪಾಟಿನಲ್ಲೇ ಬಿಟ್ಟು ಗೆದ್ದವರಂತೆ ಎದ್ದರು.

ಅಂದಿನ ಊಟದಲ್ಲಿ ಬಿಸಿ ಅನ್ನ ಸತ್ತ ಇಲಿಯಂತೆ ನಾರಿತು. ಹಾಲು ಚರಂಡಿಯಾಯಿತು. ಜ್ವರ ಬಂದಿರಬೇಕು ಎಂದುಕೊಂಡು ಎರಡು ದಿನ ಉಪವಾಸ ಬಿದ್ದರು. ಹೊಟ್ಟೆ ಬೆನ್ನಿಗೆ ಹತ್ತಿತು.

ಮೂರನೆಯ ದಿನ ಒಂದು ಹೋಟೆಲಿನ ತಪಾಸಣೆ. ಹಿತ್ತಲಿನ ಕೋಣೆಯಲ್ಲಿ ಯಾರೋ ಮರೆತುಬಿಟ್ಟ ಬಕೆಟ್ಟು, ಅದರ ತುಂಬ ವಾರದ ಹಿಂದಿನ ಮಾಂಸದ ಚೂರು. ನೊಣ ಗುಂಯ್‌ಗುಡುತ್ತಿತ್ತು. ಹುಳ ಕುದಿಯುವ ಅನ್ನದಂತೆ ಮಿಸುಕುತ್ತಿತ್ತು. ಜೊತೆಗಿದ್ದ ಗುಮಾಸ್ತ ಮೂಗು ಹಿಡಿದು ಹೊರಗೋಡಿದ.

ಸಾಹೇಬರ ಬಾಯಲ್ಲಿ ನೀರೂರಿತು.

ಆಹಾ, ಅದೇನು ಪರಿಮಳ! ಈಗಷ್ಟೇ ಕಾಸಿದ ತುಪ್ಪ, ಮಾಗಿದ ಹಣ್ಣು. ಬಾಗಿಲು ಮುಂದೆ ಮಾಡಿದರು. ಒಂದೇ ಬೆರಳು, ನೆಕ್ಕಿ ನೋಡಿಬಿಡೋಣ ಎಂದುಕೊಂಡರು.

ಬೇಡಿಕೊಳ್ಳಲೆಂದು ಒಳಬಂದ ಹೋಟೆಲಿನ ಯಜಮಾನ ನೋಡಿದ್ದು ಇಷ್ಟು: ಸಾಹೇಬರು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೊಣಕೈವರೆಗೂ ಲೋಳೆ. ಗಲ್ಲದ ಮೇಲೆ ಬೆಳ್ಳಗಿನದೊಂದು ಹರಿದಾಡುತ್ತಿದೆ, ನಾಲಿಗೆ ಅದನ್ನು ಒಳಗೆಳೆದುಕೊಳ್ಳುತ್ತಿದೆ. ಆತ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಆ ಸದ್ದಿಗೆ ಸಾಹೇಬರಿಗೆ ಮೈ ತಿಳಿಯಿತು. ತಮ್ಮ ಕೈ ತಾವೇ ನೋಡಿಕೊಂಡರು. ಅಂಗಿಗೆ ಒರೆಸಿಕೊಂಡರು, ಆದರೆ ನಾಲಿಗೆ ‘ಇನ್ನಷ್ಟು’ ಎನ್ನುತ್ತಿತ್ತು. ಎದ್ದುಬಿದ್ದು ಹಳೇ ಸಾಮಾನಿನ ಅಂಗಡಿಗೆ ಓಡಿದರು.

ಮುದುಕಿ ಊಟ ಮಾಡುತ್ತಿದ್ದಳು. ಬರೀ ಅನ್ನ, ಉಪ್ಪು. ಕಣ್ಣಲ್ಲಿ ಧಾರೆಯಾಗಿ ನೀರು. ಇವರನ್ನು ಕಂಡೊಡನೆ ತಟ್ಟೆ ಬದಿಗಿಟ್ಟಳು.

“ತಿಂದ್ರಾ? ನಾನು ಬೇಡ ಅಂದಿದ್ದೆ ಸ್ವಾಮಿ.”

“ಏನದು? ಹೇಳಿ ಅಜ್ಜಿ!”

“ನಾನು ಆ ಕಪಾಟಿದ್ದ ಮನೇಲಿ ಪಾತ್ರೆ ತಿಕ್ತಿದ್ದವಳು. ಯಜಮಾನಿ ತಿನ್ನೋದೆಲ್ಲ ಕಪಾಟಲ್ಲಿಟ್ಟು ಬೀಗ ಹಾಕೋಳು, ಸೊಸೆಗೆ ಹಳಸಿದ್ದು ಹಾಕೋಳು. ಆ ಹುಡುಗಿ ಚಿತ್ರ ಬರೆಯೋಳು. ಕಪಾಟಿಗೆ ಬಣ್ಣ ಹಚ್ಚು ಅಂದ್ರು, ಹಚ್ಚಿದ್ಲು. ಅವಳ ತವರಿನ ಕಡೆ ಮಾಟ ಗೊತ್ತಿತ್ತು. ತನ್ನ ಕೂದ್ಲು, ಉಗುರು, ಹುಣ್ಣಿನ ಕೀವು ಎಲ್ಲ ಬಣ್ಣಕ್ಕೆ ಕಲಸಿದ್ಲು. ‘ಇದರೊಳಗಿಂದ ತಿಂದ ಬಾಯಿಗೆ ಹೊಲಸೇ ಸಿಹಿಯಾಗ್ಲಿ’ ಅಂದ್ಲು. ಕೊನೇ ಹಕ್ಕಿ ಬರೆದ ದಿನಾನೇ ಸತ್ಲು.”

“ಬಿಡಿಸೋದು ಹೇಗೆ?”

“ಬೇರೆಯವರು ಅದರೊಳಗಿಂದ ತಿಂದ್ರೆ ನಿಮ್ಮನ್ನ ಬಿಡುತ್ತೆ, ಅವರನ್ನ ಹಿಡಿಯುತ್ತೆ. ಯಜಮಾನಿ ಹಾಗೇ ತಪ್ಪಿಸ್ಕೊಂಡ್ಲು. ಪ್ರೀತಿಯಿಂದ ಕರೆದು ನನಗೆ ಒಂದು ಲಾಡು ಕೊಟ್ಲು.” ಮುದುಕಿ ತಟ್ಟೆ ಮುಟ್ಟಿದಳು. “ಮೂವತ್ತು ವರ್ಷ ಆಯ್ತು. ಈಗ ಅನ್ನ ಅನ್ನದ ಹಾಗಿದೆ. ಆ ಕಪಾಟನ್ನೂ ಅವಳೇ ನನ್ನ ತಲೆಗೆ ಕಟ್ಟಿದ್ಲು, ನಾನು ಬಚ್ಚಿಟ್ಟಿದ್ದೆ, ಈ ನನ್ನ ಮಗ ಮಾರಿಬಿಟ್ಟ.”

ಅಂಗಡಿಯವನು ನೆಲ ನೋಡುತ್ತ ನಿಂತಿದ್ದ. “ನನ್ನ ತಾಯಿ ಸಾರ್,” ಎಂದಷ್ಟೇ ಅಂದ.

“ಸುಟ್ಟುಬಿಟ್ರೆ?”

“ಸುಟ್ಟರೆ ಕಪಾಟು ಹೋಗುತ್ತೆ. ಕೊನೇಲಿ ತಿಂದವರ ಬಾಯಲ್ಲಿ ಸಾಯೋವರೆಗೂ ಉಳಿಯುತ್ತೆ.”

ಸಾಹೇಬರು ಮನೆಯ ಕಡೆ ನಡೆದರು. ದಾರಿಯ ತಿರುವಿನಲ್ಲಿ ತಿಪ್ಪೆ. ಬಿಸಿಲಿಗೆ ಬೆಂದ ಕಸದಿಂದ ಬೆಲ್ಲದ ಪಾಕದ ಘಮ. ಕಾಲು ತಾನಾಗಿ ಅತ್ತ ತಿರುಗಿತು. ಒಂದು ಹೆಜ್ಜೆ, ಎರಡು.

ಫಕ್ಕನೆ ದುರ್ನಾತ ಮೂಗಿಗೆ ಬಡಿಯಿತು.

ಕೊಳೆತ ತರಕಾರಿ, ಸತ್ತ ನಾಯಿ. ಸಾಹೇಬರು ಓಕರಿಸಿದರು, ಓಕರಿಸುತ್ತಲೇ ನಕ್ಕರು. ನಾರುತ್ತಿದೆ! ದೇವರೇ, ಎಷ್ಟು ಚೆನ್ನಾಗಿ ನಾರುತ್ತಿದೆ! ಬಿಟ್ಟಿತು, ನನ್ನನ್ನು ಬಿಟ್ಟಿತು!

ನಗು ಅಲ್ಲೇ ಸತ್ತಿತು. ಬಿಟ್ಟದ್ದು ಯಾರನ್ನು ಹಿಡಿಯಿತು?

ಓಡಿದರು. ಚಪ್ಪಲಿ ಕಳಚಿತು. ನೋಡಲಿಲ್ಲ. ಗೇಟು. ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಕಪಾಟಿನ ಗಾಜೂ ತೆರೆದಿತ್ತು. ನೆಲದ ಮೇಲೆ ಮಗಳು. ಮಡಿಲಲ್ಲಿ ಸೇಬು. ಅದು ಸೇಬಲ್ಲ, ಕಂದು ಮುದ್ದೆ. ಬೆರಳ ಸಂದಿಯಿಂದ ಇಳಿಯುತ್ತಿತ್ತು. ತುಟಿಯ ಮೇಲೆ ಹುಳ.

“ಅಪ್ಪಾ, ನೀವು ಹೇಳಿದ್ದು ನಿಜ,” ಎಂದಳು ಎಂಟು ವರ್ಷದ ಮಗಳು, ಕಣ್ಣರಳಿಸಿ. “ಎಷ್ಟು ಸಿಹಿ!”

ಅವಳ ಕೈಯಿಂದ ಕಿತ್ತುಕೊಂಡರು. ಕಪಾಟಿನಲ್ಲಿ ಇನ್ನೊಂದಿತ್ತು. ಅದರೊಳಗೆ ಬೆರಳು ಹೂತಿತು. ನಾತಕ್ಕೆ ಕಣ್ಣು ಕತ್ತಲಿಟ್ಟಿತು. ಈಗ ನಾಲಿಗೆ ನೆಟ್ಟಗಿತ್ತು, ಮೂಗು ನೆಟ್ಟಗಿತ್ತು. ಹಾಲನ್ನು ಮೂರು ಸಲ ಮೂಸುವ ಮೂಗು.

ಬಾಯಿಗೆ ತುರುಕಿಕೊಂಡರು.

ಲೋಳೆ ಹಲ್ಲಿನ ಸಂದಿಗೆ ಇಳಿಯಿತು. ಏನೋ ಒಸಡಿನ ಮೇಲೆ ಹರಿಯಿತು. ಗಂಟಲು ಹೊರದೂಡಿತು. ಅಂಗೈಯಿಂದ ಬಾಯಿ ಒತ್ತಿ ಹಿಡಿದರು. ನುಂಗಿದರು. ಮತ್ತೊಂದು ತುತ್ತು. ಬಾಯಲ್ಲಿ ಮಿಸುಕುವುದನ್ನು ಅಗಿದರು. ಹಿಂದಿನಿಂದ ಹೆಂಡತಿ ಚೀರುತ್ತಿದ್ದಳು. ನುಂಗಿದರು. ಮೂರನೆಯ ತುತ್ತು.

ಸಿಹಿಯಾಯಿತು.

“ಛೀ! ಅಪ್ಪಾ!” ಮಗಳು ಉಗಿಯುತ್ತ ಅಳತೊಡಗಿದಳು. “ಬಾಯೆಲ್ಲ ನಾತ!” ಅವಳು ಕಕ್ಕಿದಳು, ಮತ್ತೆ ಮತ್ತೆ ಕಕ್ಕಿದಳು. ಸಾಹೇಬರು ಅವಳ ಹಣೆ ಹಿಡಿದು ಕೂತರು. ಅವರ ಕಣ್ಣೀರು ಮಗಳ ಬೆನ್ನ ಮೇಲೆ ಬೀಳುತ್ತಿತ್ತು.

ಸಂಜೆಯೊಳಗೆ ಕಪಾಟನ್ನು ಹಿತ್ತಲಿಗೆ ಎಳೆಸಿ ಸೀಮೆಎಣ್ಣೆ ಸುರಿದರು. “ಸ್ವಲ್ಪ ತಡೀರಿ, ಬೇರೆ ದಾರಿ ಹುಡುಕೋಣ,” ಎಂದು ಹೆಂಡತಿ ಕೈ ಹಿಡಿದಳು.

“ಬೇರೆ ದಾರಿ ಅಂದ್ರೆ ಬೇರೆಯವರ ಬಾಯಿ ಕಣೇ,” ಎಂದು ಅವರೇ ಕಡ್ಡಿ ಗೀರಿದರು.

ಬಣ್ಣ ಗುಳ್ಳೆಯೆದ್ದು ಒಡೆಯಿತು. ಹೊಗೆ ಹೆಣ ಸುಟ್ಟಂತೆ ನಾರಿ, ನೆರೆಯವರು ಕಿಟಕಿ ಮುಚ್ಚಿಕೊಂಡರು. ಹೆಂಡತಿ ಮಗಳು ಮೂಗು ಹಿಡಿದು ಬಾಗಿಲಿಗೆ ಸರಿದರು.

“ಅಪ್ಪಾ, ಒಳಗೆ ಬನ್ನಿ. ನಿಮಗೆ ಈ ವಾಸನೆ ಬರ್ತಿಲ್ವಾ?”

“ಬರ್ತಿದೆ ಪುಟ್ಟೀ,” ಎಂದರು ಸಾಹೇಬರು, ಅವಳಿಗೆ ಬೆನ್ನು ಮಾಡಿ. ಬಾಯಲ್ಲಿ ತುಂಬಿದ ನೀರು ಅವಳಿಗೆ ಕಾಣಬಾರದೆಂದು ನುಂಗಿಕೊಂಡರು. “ನೀನು ಹೋಗು. ಅಮ್ಮನಿಗೆ ಹೇಳಿ ಊಟ ಮಾಡು. ನನಗೆ ಹಸಿವಿಲ್ಲ.”