ನೂರಾ ನಾಲ್ಕನೇ ಹೊಲ

ಗ್ಯಾನಪ್ಪ ಪುಸ್ತಕದಲ್ಲಿ ಅಂಕಿ ಹುಡುಕುತ್ತಿದ್ದ. ಸೂಗಮ್ಮ ಅವನ ಮೂಗಿನ ತುದಿಗೆ ಬಂದು ನಿಂತ ಬೆವರ ಹನಿಯನ್ನು ನೋಡುತ್ತಿದ್ದಳು.

"ನೂರಾ ನಾಲ್ಕು," ಎಂದವನು ನಕ್ಷೆ ನೋಡಿ, ಆ ಅಂಕಿಯ ಮೇಲೆ ಗೀಟು ಎಳೆದ. "ಇದು ಬ್ಯಾಡ. ಮುಂದಿನದು."

೧೯೯೩ರ ಸುಗ್ಗಿ. ವಳಕಮದಿನ್ನಿಯ ಭತ್ತದ ಇಳುವರಿ ಅಳೆಯಲು ಲಿಂಗಸುಗೂರಿನಿಂದ ಬಂದ ಸರ್ವೇ ತಂಡದವನು ಅವನು. ಕಣ್ಣುಮುಚ್ಚಿ ಪುಸ್ತಕದ ಯಾವುದೋ ಅಂಕಿಯ ಮೇಲೆ ಬೆರಳಿಟ್ಟು ಆ ನಂಬರಿನ ಹೊಲ ಆರಿಸಬೇಕು, ಐದೈದು ಮೀಟರಿನ ಚೌಕಕ್ಕೆ ಹಗ್ಗ ಕಟ್ಟಬೇಕು, ಕೊಯ್ಸಿ ತೂಗಬೇಕು. ಕೊಯ್ಯುವವಳು ಸೂಗಮ್ಮ. ಪಿಯುಸಿ ಪಾಸಾಗಿದ್ದಳು, ಕೂಲಿಗೆ ಅದೇನೂ ಅಡ್ಡ ಬಂದಿರಲಿಲ್ಲ.

"ನೂರಾ ನಾಲ್ಕು ಏನು ತಪ್ಪು ಮಾಡೇತ್ರೀ?"

"ಕಾಲುವಿ ತುದಿ. ನೀರು ಮುಟ್ಟಿಲ್ಲ, ಬೆಳಿ ಒಣಗೈತಿ. ತೂಗಾಕ ಏನೈತಿ?"

"ನಮ್ಮಪ್ಪನ ಹೊಲ ಅದು."

ಅವನಿಗೆ ಮುಜುಗರವಾಯಿತು. ಮಾತು ತಿರುಗಿಸಲು, ಕಾಲೇಜಿನಲ್ಲಿ ಓದಿದ್ದನ್ನು ಹೇಳಲು ಕುಳಿತ. ಕೆಸರಿನಲ್ಲಿ ಮೂರು ವೃತ್ತ ಬರೆದ: ತೂಬು, ನೀರು, ಬೆಳೆ. ನಡುವೆ ಬಾಣ ಎಳೆದು, ಜೇಬಿನಿಂದ ಹುಣಸೆ ಬೀಜ ತೆಗೆದ.

"ತೂಬು ತೆರೆದ್ರ ಹತ್ತರಾಗ ಎಂಟು ಸಲ ನೀರು. ನೀರು ಬಂದ್ರ ಹತ್ತರಾಗ ಒಂಬತ್ತು ಸಲ ಬೆಳಿ. ಒಂದು ಆಟಕ್ಕ ಒಂದು ಸುಗ್ಗಿ ಅಂತ ಈ ಹುಣಸಿ ಬೀಜ ಒಗೆದು ಒಗೆದು ನೂರು ಸುಗ್ಗಿ ಆಡಬಹುದು. ಈಗ ಬೆಳಿ ಒಣಗಿದ್ದು ಕಣ್ಣಾರೆ ಕಂಡೀ ಅನ್ನು. ತೂಬು ಮುಚ್ಚಿದ್ರೋ ಏನೋ ಗೊತ್ತಾಗಬೇಕು. ಬೆಳಿ ಚಲೋ ಬಂದ ಆಟ ಎಲ್ಲಾ ಬಿಸಾಕು. ಉಳಿದದ್ರಾಗ ತೂಬು ಎಷ್ಟು ಸಲ ಮುಚ್ಚಿತ್ತು, ಎಣಿಸು."

ಸೂಗಮ್ಮ ವೃತ್ತಗಳನ್ನೇ ನೋಡಿದಳು. "ಮತ್ತ ನೀವು ಉಲ್ಟಾ ಮಾಡಾಕತ್ತೀರಲ್ಲ. ಒಣಗಿದ್ದನ್ನ ಬಿಸಾಕಿ ಚಲೋ ಬೆಳಿಯಷ್ಟ ಎಣಸ್ತೀರಿ. ನಾಳೆ ಈ ಊರಿಗೆ ಪೂರಾ ನೀರು ಮುಟ್ಟೈತಿ ಅಂತ ಹಾಳಿ ಮ್ಯಾಲ ಬರೀತಾರ. ನಮ್ಮ ತುದಿಗೆ ನೀರು ಕೇಳಾಕ ಮತ್ತ ಬಾಯಿ ಎಲ್ಲೈತಿ?"

ಅವನು ಬೀಜಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಹನ್ನೆರಡು ದಿನಗಳಿಂದ ನಾಲಿಗೆಯ ಮೇಲಿದ್ದ ಮಾತು ಆ ಹೊತ್ತಿನಲ್ಲೇ ಹೊರಬಿತ್ತು. "ನೀ ನನ್ನ ಮದುವಿ ಆಗೋ ಸಾಧ್ಯತೆ ಎಷ್ಟೈತಿ, ಸೂಗಮ್ಮ?"

ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನಗು ತಡೆದಳು. "ಏನು ಕಂಡ ಮ್ಯಾಲ ಅಂತ ಕೇಳ್ರಿ. ಬರೇ ಹಂಗ ಕೇಳಿದ್ರ ಯಾರು ಹೇಳ್ತಾರ?"

ಅವನು ಎದ್ದ. ಹಗ್ಗ ಹೆಗಲಿಗೆ ಹಾಕಿ ಕಾಲುವೆಯ ತುದಿಯತ್ತ ನಡೆದ. ಅವಳು ಕುಡುಗೋಲು ಹಿಡಿದು ಹಿಂದೆ ಹೋದಳು.

ಎಂಟು ದಿನ ಕಳೆದ ಮೇಲೆ ಅವನು ಹೇಳಿಕಳಿಸಿದ್ದಕ್ಕೆ ಸೂಗಮ್ಮ ಮಸ್ಕಿ ಬಸ್‌ಸ್ಟ್ಯಾಂಡಿಗೆ ಬಂದಳು. ಅವನ ಕೈಯಲ್ಲಿ ಒಂದು ಕಾರ್ಬನ್ ಪ್ರತಿ. ತುದಿಯ ಹನ್ನೊಂದು ಹೊಲಗಳು, ಹನ್ನೊಂದು ತೂಕ. ಕೆಲವಕ್ಕೆ ಸೊನ್ನೆ. ನೂರಾ ನಾಲ್ಕಕ್ಕೆ ಮುನ್ನೂರು ಗ್ರಾಂ.

"ಅಸಲಿ ಹಾಳಿ ತಂಡದ ಸಾಹೇಬ್ರು ನನ್ನ ಮುಖಕ್ಕ ಒಗದರು. ನಾಳಿಂದ ಬರಬ್ಯಾಡ ಅಂದಾರ."

"ಬೇಜಾರಾತೇನ್ರೀ?"

"ಆತು. ಸುಳ್ಳು ಯಾಕ ಹೇಳ್ಲಿ."

ಸೂಗಮ್ಮ ಆ ಹಾಳೆಯನ್ನು ಎರಡು ಸಲ ಓದಿದಳು. ಊರಿನ ಕಟ್ಟೆಯ ಮೇಲೆ ಎಲ್ಲರೆದುರು ಇದನ್ನು ಓದಬೇಕು, ಓದಿದ ಮೇಲೆ ಕಾಲುವೆ ಕಚೇರಿಯ ಮುಂದೆ ಧರಣಿ ಕೂರಬೇಕು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಮಡಚಿ ಚೀಲದಲ್ಲಿಟ್ಟಳು.

ಅವಳ ಊರಿನ ಕಡೆ ಹೋಗುವ ಸಿಂಧನೂರಿನ ಬಸ್ಸು ಬಂತು. ಅವಳು ಮೊದಲು ಹತ್ತಿ, ಕಿಟಕಿ ಬದಿ ಕುಳಿತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಅವನು ಕೆಳಗೇ ನಿಂತಿದ್ದ.

"ಹತ್ರೀ," ಎಂದಳು, ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ. "ನಮ್ಮಪ್ಪನ ಹಂತ್ಯಾಕ ನೀವ ಮಾತಾಡಬೇಕು. ಮೊದಲ ಬೈತಾನ. ಬೈಸ್ಕೊಳ್ರಿ, ನಾ ಮಗ್ಗಲದಾಗ ಇರ್ತೀನಿ."