ಪಾಠ ಓದುವ ದನಿ

"ಮಾತಾಡಿದ್ರ ಮುತ್ತು ಉದುರ್ತಾವೇನ್ರಿ ನಿಮಗ?"

ಅಂದುಬಿಟ್ಟ ಮೇಲೆ ಪಂಪಾವತಿಗೇ ಜಾಸ್ತಿಯಾಯಿತೇನೋ ಅನ್ನಿಸಿತು. ಆದರೆ ಅವಳಿಗೂ ಸಾಕಾಗಿತ್ತು. ಬಳ್ಳಾರಿಯ ಸಂಜೆ ಕಾಲೇಜೊಂದರ ವಿದ್ಯಾರ್ಥಿ ನೆರವು ಕೇಂದ್ರಕ್ಕೆ ಅವಳು ಬಂದದ್ದು ಅದು ನಾಲ್ಕನೇ ಸಲ. ಏನು ಕೇಳಿದರೂ ಅಲ್ಲಿನ ಸಹಾಯಕ ಯರ್ರಿಸ್ವಾಮಿ ಬಾಯಿ ಬಿಡುತ್ತಿರಲಿಲ್ಲ. ಪುಸ್ತಕದ ಕಪಾಟಿನ ಕಡೆ ಬೆರಳು ತೋರಿಸಿ ತಲೆ ತಗ್ಗಿಸುತ್ತಿದ್ದ.

"ದಿನಾ ನಮ್ಮ ಫೋನಿಗೆ ಪಾಠ ಓದಿ ಕಳಸ್ತಾರಲ್ಲ, ಅವರ್ನ ನೋಡಿ ಕಲೀರಿ. ಎಷ್ಟು ಚಂದ ಮಾತಾಡ್ತಾರ!"

ಯರ್ರಿಸ್ವಾಮಿ ಕಣ್ಣೆತ್ತಿ ನೋಡಿದ. ನಗುವಿನಂಥದ್ದೇನೋ ತುಟಿಯವರೆಗೆ ಬಂದು ನಿಂತಿತು. ಅವಳು ಅದನ್ನು ಧಿಮಾಕು ಎಂದುಕೊಂಡಳು.

ಹಚ್ಚೊಳ್ಳಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದ ಪಂಪಾವತಿ ಹಗಲೆಲ್ಲ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ, ಸಂಜೆ ಬಿ.ಎ. ಕ್ಲಾಸಿನಲ್ಲಿ. ಓವರ್‌ಟೈಮ್ ಬಿದ್ದ ದಿನ ಕ್ಲಾಸು ತಪ್ಪುತ್ತಿತ್ತು. ಹೋದ ಪರೀಕ್ಷೆಯಲ್ಲಿ ಎರಡು ಸಬ್ಜೆಕ್ಟ್ ಫೇಲಾದಾಗ ಇನ್ನು ಓದು ಬೇಡವೆಂದು ಟಿ.ಸಿ. ಕೇಳಲು ಹೋಗಿದ್ದಳು. ನೆರವು ಕೇಂದ್ರ ನೋಡಿಕೊಳ್ಳುವ ಕಾವೇರಿ ಮೇಡಂ ಅರ್ಜಿಯನ್ನು ಮಡಚಿ ಅವಳ ಕೈಗೇ ಕೊಟ್ಟರು.

"ಟಿ.ಸಿ. ಎಲ್ಲೂ ಓಡಿ ಹೋಗಂಗಿಲ್ಲಮ್ಮ. ಒಂದು ತಿಂಗಳು ನಮ್ಮ ಆಡಿಯೋ ಪಾಠ ಕೇಳು. ಆಮ್ಯಾಲೂ ಬೇಕಂದ್ರ ನಾನ ಕೊಡಸ್ತೀನಿ."

ಮರುದಿನದಿಂದಲೇ ಆ ದನಿ ಅವಳ ಕಿವಿಗೆ ಬಂತು. ಮಷೀನುಗಳ ಗದ್ದಲದ ನಡುವೆ ತಂಪಾದ, ಆತುರವಿಲ್ಲದ ಗಂಡು ದನಿ. ಕಷ್ಟದ ಭಾಗ ಬಂದರೆ, "ಇದು ನನಗೂ ಎರಡು ಸಲ ಓದಿದ ಮ್ಯಾಲ ತಿಳೀತ್ರಿ, ಹೆದರಬ್ಯಾಡ್ರಿ," ಎನ್ನುತ್ತಿತ್ತು. ಒಮ್ಮೆ, "ಹೊಲಿಗಿ ಮುಂದ ಕುಂತು ಕೇಳೋರು ಬೆರಳು ಜ್ವಾಪಾನ್ರಿ," ಎಂದಿತು. ಪಂಪಾವತಿ ಮಷೀನು ನಿಲ್ಲಿಸಿ, ಯಾರೋ ಕೈ ಹಿಡಿದು ನೋಡಿದಂತೆ ತನ್ನ ಬೆರಳನ್ನೇ ನೋಡಿಕೊಂಡಳು.

ತಡೆಯಲಾರದೆ ಆ ನಂಬರಿಗೆ ಮೆಸೇಜ್ ಹಾಕಿದಳು. "ನಿಮ್ಮ ಹೆಸರೇನ್ರಿ ಸರ್?"

"ನೆರವು ಕೇಂದ್ರ."

"ಮನ್ಯಾಗೂ ಹಂಗ ಕರೀತಾರೇನ್ರಿ?"

ಉತ್ತರವಾಗಿ ಒಂದು ನಗುವ ಮುಖ ಮಾತ್ರ ಬಂತು. ಆ ದಿನ ಅವಳ ಹೊಲಿಗೆ ಎರಡು ಸಲ ಸೊಟ್ಟಗಾಯಿತು.

ಯೂನಿಟ್‌ನಲ್ಲಿ ಕರೆಂಟ್ ಹೋಗಿ ಮಧ್ಯಾಹ್ನವೇ ಬಿಟ್ಟಿದ್ದರಿಂದ, ಯರ್ರಿಸ್ವಾಮಿಯ ಮೇಲೆ ರೇಗಿ ಕೆಲವು ದಿನಗಳಾದ ಮೇಲೆ, ಪಂಪಾವತಿ ಒಂದು ದಿನ ಬೇಗ ಕಾಲೇಜಿಗೆ ಬಂದಳು. ಕೇಂದ್ರದ ಒಳಕೋಣೆಯಿಂದ ಅದೇ ದನಿ ಕೇಳುತ್ತಿತ್ತು! ಬಾಗಿಲು ತಳ್ಳಿದಳು. ಫೋನನ್ನು ಮುಂದಿಟ್ಟುಕೊಂಡು ಓದುತ್ತಿದ್ದವನು ಯರ್ರಿಸ್ವಾಮಿ.

"ನೀವಾ?"

ಅವನು ಗಡಬಡಿಸಿ ಎದ್ದ. "ನಾ... ನಾ... ನಾ..." ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ. ಆಮೇಲೆ ಅವಳನ್ನು ದಾಟಿ ಹೊರಗೆ ನಡೆದುಬಿಟ್ಟ. ತಾನು ಅಂದಿದ್ದ ಮುತ್ತಿನ ಮಾತು ಆಗ ಪಂಪಾವತಿಗೆ ನೆನಪಾಯಿತು.

ಮರುದಿನ ಪಾಠ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರೀಕ್ಷೆಗೆ ಇನ್ನು ಮೂರೇ ವಾರ.

"ಒಬ್ಬನ ಇದ್ದಾಗ ಸರಾಗ ಓದ್ತಾನ. ಎದುರಿಗೆ ಯಾರರ ಬಂದ್ರ ಮಾತು ಹಿಡೀತೈತಿ," ಎಂದರು ಕಾವೇರಿ ಮೇಡಂ. "ಈಗ ನಿನಗ ಗೊತ್ತಾತಲ್ಲ, ಒಬ್ಬನ ಕುಂತ್ರೂ ಓದಾಕ ಆಗವಲ್ದಂತ."

ಪಂಪಾವತಿ ನೇರವಾಗಿ ಯರ್ರಿಸ್ವಾಮಿಯಿದ್ದ ಒಳಕೋಣೆಗೆ ಹೋದಳು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಅವನಿಗೆ ಬೆನ್ನು ಮಾಡಿ ಕುಳಿತಳು.

"ಅವತ್ತು ಅಂದದ್ದು ತಪ್ಪಾತ್ರಿ. ಈಗ ನಾನು ಗ್ವಾಡಿ ನೋಡ್ತೀನಿ, ನೀವು ಓದ್ರಿ. ತೊದಲಿದ್ರ ತೊದಲ್ರಿ. ನನಗ ಪಾಸಾಗಬೇಕೈತಿ."

ಅವಳ ಬೆನ್ನ ಹಿಂದೆ ಪುಟ ತಿರುಗಿತು. ಮೊದಲ ಸಾಲಿನಲ್ಲೇ ನಾಲ್ಕು ಕಡೆ ಮಾತು ತಡೆಯಿತು. ಅವಳು ತಿರುಗಲಿಲ್ಲ. ಮೂರನೇ ಪುಟಕ್ಕೆ ದನಿ ತನ್ನ ಹಾದಿ ಹಿಡಿಯಿತು.

ಅಂದಿನಿಂದ ದಿನಾ ಕ್ಲಾಸಿಗೆ ಮುಂಚೆ ಅರ್ಧ ಗಂಟೆ ಓದು ನಡೆಯಿತು. ಉಳಿದವರ ಫೋನಿಗೂ ಪಾಠ ಮತ್ತೆ ಹೋಗತೊಡಗಿತು. ಎರಡನೇ ವಾರಕ್ಕೆ ಕುರ್ಚಿ ಅಡ್ಡಕ್ಕೆ ಬಂದಿತ್ತು. ಅವನು ಓದುವುದನ್ನು ನಿಲ್ಲಿಸಿ ಕುರ್ಚಿಯನ್ನೇ ನೋಡಿದ.

"ತಾನ ತಿರುಗೇತ್ರಿ. ನಂದೇನೂ ತಪ್ಪಿಲ್ಲ."

ಅವನು ನಕ್ಕ. ಆ ನಗುವಿಗೆ ಎಲ್ಲೂ ತಡೆಯಿರಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ಅವಳು ಓರೆಗಣ್ಣಿನಲ್ಲೇ ಕಂಡಳು. ಸಂವಿಧಾನದ ಪಾಠ ಕೇಳಬೇಕಾದವಳು ಅವನ ಕೆನ್ನೆಯ ಗುಳಿ ನೋಡುತ್ತ ಕುಳಿತಳು. ಮೂರನೇ ವಾರ ಇಬ್ಬರೂ ಎದುರುಬದುರಾಗಿದ್ದರು. ಅವನು ತೊದಲಿದ, ಆದರೆ ನಿಲ್ಲಿಸಲಿಲ್ಲ.

ರಿಸಲ್ಟ್ ಬಂದ ದಿನ ಪಂಪಾವತಿ ಪೇಡೆಯ ಡಬ್ಬಿ ಹಿಡಿದು ಓಡಿ ಬಂದಳು. ಹಳೆಯ ಎರಡು ಸಬ್ಜೆಕ್ಟೂ ಸೇರಿ ಎಲ್ಲ ಪಾಸು. ಕಾವೇರಿ ಮೇಡಂ ಕಾಲಿಗೆ ಬಗ್ಗಿದಾಗ ಅವರು ಭುಜ ಹಿಡಿದು ಎಬ್ಬಿಸಿದರು. "ನಾನೇನ್ ಮಾಡೀನಿ? ಒಳಗ ಅದಾನ, ಹೋಗು."

ಯರ್ರಿಸ್ವಾಮಿಯ ಮುಂದೆ ನಿಂತು ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ರಿ. ಅದು ಬ್ಯಾರೆ. ನೀವಂದ್ರ ನನಗ ಇಷ್ಟ, ಇದು ಬ್ಯಾರೆ."

ಅವನ ಮುಖ ಬಾಡಿತು. "ಉ... ಉಪಕಾರಕ್ಕ ಹಂಗ ಅ... ಅನ್ನಸ್ತೈತ್ರಿ. ಪಾ... ಪಾಸಾದ ಖುಷಿ ಅದು. ನಾಳೆ ಇ... ಇರಂಗಿಲ್ಲ."

"ಮೇಡಂ ಉಪಕಾರಾನೂ ನನ್ನ ಮ್ಯಾಲೆ ಐತಿ," ಎಂದಳು ಪಂಪಾವತಿ. "ಅವರ್ನ ನೋಡಿದ್ರ ಕೈ ಮುಗೀಬೇಕು ಅನ್ನಸ್ತೈತಿ. ನಿಮ್ಮನ್ನ ನೋಡಿದ್ರ ಬಾಜೂಕ ಕುಂದರಬೇಕು ಅನ್ನಸ್ತೈತಿ. ಎರಡೂ ಒಂದೇನ್ರಿ?"

ಅವನ ಕಣ್ಣು ತುಂಬಿ ಬಂತು. ಏನೋ ಹೇಳಹೊರಟ. ಆಗಲಿಲ್ಲ. ಮತ್ತೆ ಹೇಳಹೊರಟ. ಆ ಮಾತು ಏನಿರಬಹುದೆಂದು ಪಂಪಾವತಿಗೆ ಗೊತ್ತಿತ್ತು. ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ತಾನು ಆಡದೆ, ಅವನೇ ಹೇಳಲೆಂದು ಕಾದಳು.

"ಭಾ... ಭಾನುವಾರ ನಮ್ಮ ಊ... ಊರಿಗೆ ಬರ್ರಿ," ಎಂದ ಕೊನೆಗೆ. "ಅವ್ವಗ ನಾ... ನಾನ ಹೇಳ್ತೀನಿ."

ಭಾನುವಾರ ಬೆಳಿಗ್ಗೆ ಕುರುಗೋಡಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಎಷ್ಟೋ ವರ್ಷಗಳಿಂದ ಯರ್ರಿಸ್ವಾಮಿ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ಅಂದು ಚೀಟಿ ತೆಗೆಯಲಿಲ್ಲ.

"ಕು... ಕು... ಕುರುಗೋಡು. ನಂ... ನಂದೊಂದು, ಇವರದೊಂದು."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನು ತಲೆ ತಗ್ಗಿಸಲಿಲ್ಲ. ಪಂಪಾವತಿ ಆಧಾರ್ ಕಾರ್ಡ್ ತೋರಿಸಿ ತನ್ನ ಉಚಿತ ಟಿಕೆಟ್ ಪಡೆದಳು. ಆಮೇಲೆ ಎಲ್ಲರೂ ನೋಡುತ್ತಿರುವಾಗಲೇ ಅವನ ಕೈ ಹಿಡಿದುಕೊಂಡಳು.