ತಿಂಗಳಿಗೆ ನಲವತ್ತು ಮೊಲ

"ತಿಂಗಳಿಗೆ ನಲವತ್ತು ಮೊಲ ಕೊಡ್ತೀನಿ ಅಂತ ಯಾರು ಒಪ್ಕೊಂಡಿದ್ದು?"

ಅಮ್ಮ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನಲವತ್ತು ನಲವತ್ತಾಗಿಯೇ ಇತ್ತು. ಚಿಟಿಕೆ ಹೋಂವರ್ಕ್ ಪುಸ್ತಕದೊಳಗೆ ಮೂಗು ತೂರಿಸಿದಳು.

ಚಿಟಿಕೆ ಅವಳ ಸ್ಕೂಲ್ ಹೆಸರಲ್ಲ. ಊಟ, ಸ್ನಾನ, ಹೋಂವರ್ಕ್ ಎಲ್ಲವನ್ನೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಾಳೆಂದು ಮನೆಯಲ್ಲಿ ಬಿದ್ದ ಹೆಸರು. ಹೇಗೆ ಮುಗಿಸಿದಳು ಎಂದು ಮಾತ್ರ ಕೇಳಬಾರದು.

ಅಮ್ಮ ಬಟ್ಟೆಯ ಮೊಲ ಹೊಲಿಯುತ್ತಾಳೆ. ಉದ್ದ ಕಿವಿ, ಗುಂಡಿಯ ಕಣ್ಣು, ಹೊಟ್ಟೆ ತುಂಬ ಹತ್ತಿ. ಹೊಲಿದಾದ ಮೇಲೂ ಕೆಲಸ ಮುಗಿಯುವುದಿಲ್ಲ. ಕಿವಿ ಹಿಡಿದು ಎಳೆಯುತ್ತಾಳೆ, ಕಣ್ಣು ಜಗ್ಗುತ್ತಾಳೆ, ಹೊಲಿಗೆಯ ಉದ್ದಕ್ಕೂ ಉಗುರಾಡಿಸುತ್ತಾಳೆ. ಎಲ್ಲ ಸರಿಯಿದ್ದರೆ ಮಾತ್ರ ಅಂಗಾಲಿಗೆ ಕೆಂಪು ದಾರದಲ್ಲಿ ಒಂದೇ ಒಂದು ಹೊಲಿಗೆ. ಗೆಳತಿಯ ಬರ್ತ್‌ಡೇಗೆ ಮೊಲ ಒಯ್ಯಲು ಲೇಟಾಯಿತೆಂದು ಚಿಟಿಕೆ ಎಷ್ಟು ಗೋಗರೆದರೂ, ನೋಡದ ಮೊಲಕ್ಕೆ ಅಮ್ಮ ಆ ಹೊಲಿಗೆ ಹಾಕಿರಲಿಲ್ಲ. ಹೀಗಾಗಿ ತಿಂಗಳಿಗೆ ಹತ್ತು ಮೊಲ ಆದರೆ ಹೆಚ್ಚು.

ಆ ಮೊಲಗಳನ್ನು ತಾವು ಮಾರುತ್ತೇವೆಂದು ಒಂದು ಆನ್‌ಲೈನ್ ಅಂಗಡಿಯವರು ಮುಂದೆ ಬಂದಿದ್ದರು. ನಿನ್ನೆ ಅವರ ಫಾರ್ಮ್ ಬಂದಾಗ ಅಮ್ಮ ಮೆಷಿನ್ ಮುಂದೆ ಇದ್ದಳು. ಅಡ್ರೆಸ್ ತುಂಬು ಎಂದು ಫೋನನ್ನು ಮಗಳ ಕೈಗೆ ಕೊಟ್ಟಳು. ಅಡ್ರೆಸ್ ಆದ ಮೇಲೆ ಹದಿನಾಲ್ಕು ಪುಟ ಇದ್ದವು. ಚಿಟಿಕೆ ಸರ್ರನೆ ಬೆರಳಾಡಿಸಿ ತಳ ಮುಟ್ಟಿದಳು. ಅಲ್ಲೊಂದು ಖಾಲಿ ಚೌಕ. ಇಲ್ಲಿ ಸಹಿ ಮಾಡಿ ಎಂದಿತ್ತು. ಅಮ್ಮನ ಸಹಿ ಅವಳಿಗೆ ಕಣ್ಣು ಮುಚ್ಚಿಯೂ ಬರುತ್ತಿತ್ತು. ಸಹಿಯ ಕೊನೆಯ ಬಾಲ ಚೆನ್ನಾಗಿ ಬರಲಿಲ್ಲವೆಂದು ಎರಡು ಸಲ ಅಳಿಸಿ ಮೂರನೇ ಸಲ ಬರೆದಳು. ಓದಲು ಅರ್ಧ ನಿಮಿಷ ಸಿಗದವಳಿಗೆ ಬಾಲ ತಿದ್ದಲು ಐದು ನಿಮಿಷ ಸಿಕ್ಕಿತ್ತು, ನೋಡಿ.

"ನಾನೇ ಹಾಕಿದ್ದು. ಆದ್ರೆ ಅದು ನಿಜವಾದ ಸೈನ್ ಅಲ್ಲಮ್ಮ. ಪೇಪರ್ ಇಲ್ಲ, ಪೆನ್ ಇಲ್ಲ. ಸುಮ್ನೆ ಗಾಜಿನ ಮೇಲೆ ಬೆರಳಾಡಿಸಿದ್ದು."

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು.

ಸಂಜೆ ಚಿಕ್ಕಮ್ಮ ಬಂದಳು. ಅವಳಿಗೆ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಹದಿನಾಲ್ಕೂ ಪುಟ ಓದಿದಳು. ಏಳನೇ ಪುಟದಲ್ಲಿ ಇನ್ನೊಂದು ಷರತ್ತು ಸಿಕ್ಕಿತು. ಅಮ್ಮ ಇನ್ನು ಮುಂದೆ ಬೇರೆ ಯಾರಿಗೂ ಒಂದು ಮೊಲವನ್ನೂ ಮಾರುವಂತಿರಲಿಲ್ಲ. ಇಲ್ಲಿಯವರೆಗೆ ಮೊಲ ಕೊಡುತ್ತಿದ್ದ, ಮನೆಯ ಕೆಳಗಿನ ಆಟಿಕೆ ಅಂಗಡಿಗೂ ಇಲ್ಲ.

"ಗಾಜಿನ ಮೇಲಿಂದು ಒರೆಸಿದ್ರೆ ಹೋಗುತ್ತಲ್ವಾ ಚಿಕ್ಕಮ್ಮ?"

"ಒರೆಸಿ ನೋಡು."

ಚಿಟಿಕೆ ನಿಜವಾಗಿಯೂ ಫ್ರಾಕಿನ ತುದಿಯಿಂದ ಒರೆಸಿದಳು. ಸಹಿ ಅಲ್ಲಿಂದ ಅಲುಗಲಿಲ್ಲ.

ಇಂಥ ವ್ಯಾಪಾರದ ಕರಾರಿಗೆ ಫೋನಿನ ಮೇಲಿನ ಸಹಿಯೂ ಸಾಕು, ಯಾವ ಗಂಟೆ, ಯಾವ ನಿಮಿಷ ಎಂಬುದೂ ಅವರ ಹತ್ತಿರ ಇರುತ್ತದೆ ಎಂದಳು ಚಿಕ್ಕಮ್ಮ. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಅಕ್ಕ, ಹಾಕಿದ್ದು ನೀನಲ್ಲ ಅಂತ ಇವತ್ತೇ ಹೇಳು. ಸುಮ್ನಿದ್ದು ಒಂದು ಮೊಲ ಕಳಿಸಿಬಿಟ್ರೂ ನೀನೇ ಒಪ್ಪಿದ ಹಾಗಾಗುತ್ತೆ. ಅವರು ನಂಬ್ತಾರೋ ಇಲ್ವೋ, ಗೊತ್ತಿಲ್ಲ."

ಆನ್‌ಲೈನ್ ಅಂಗಡಿಗೆ ಫೋನ್ ಮಾಡಿದರೆ ಮೊದಲು ಒಂದು ಒತ್ತಿ ಎಂದಿತು, ಆಮೇಲೆ ಐದು ಒತ್ತಿ ಎಂದಿತು, ಪೀಪಿ ಊದಿತು, ಮತ್ತೆ ಒಂದು ಒತ್ತಿ ಎಂದಿತು. ಅಮ್ಮ ಹಲ್ಲು ಕಚ್ಚಿಕೊಂಡು ಒತ್ತಿದಳು. ಕೊನೆಗೂ ಒಬ್ಬ ಹೆಂಗಸು ಸಿಕ್ಕಿದರು. ಫೋನ್ ನಿಮ್ಮದು, ಹೆಸರು ನಿಮ್ಮದು, ಸಹಿ ಮಾತ್ರ ನಿಮ್ಮದಲ್ಲ ಅಂದರೆ ಹೇಗೆ ನಂಬೋದು ಎಂದು ಅವರು ಕೇಳಿದರು. ಅಮ್ಮ ಮೆಷಿನ್ ಪಕ್ಕದಲ್ಲಿದ್ದ ಅರ್ಧ ಹೊಲಿದ ಮೊಲವನ್ನೇ ನೋಡುತ್ತಾ ನಿಂತಳು.

ಚಿಟಿಕೆ ಎದ್ದು ಬಂದು ಫೋನ್ ತೆಗೆದುಕೊಂಡಳು.

"ನಾನು ಹಾಕಿದ್ದು ಆಂಟಿ. ಅಮ್ಮ ನೋಡೇ ಇಲ್ಲ. ಅಮ್ಮ ನೋಡದೆ ಯಾವುದಕ್ಕೂ ಹಾಕಲ್ಲ."

ಆ ಹೆಂಗಸು, ಹಾಗಾದರೆ ಅದನ್ನೇ ಬರೆದು ಕಳಿಸು, ಅಮ್ಮನ ಸಹಿಯ ಫೋಟೋನೂ ಇರಲಿ, ಮೇಲಿನವರಿಗೆ ತೋರಿಸುತ್ತೇನೆ ಎಂದರು. ಚಿಟಿಕೆ ಒಂದೊಂದೇ ಅಕ್ಷರ ಒತ್ತಿ ಬರೆದಳು. ಕೆಳಗೆ ತನ್ನ ಹೆಸರು ಹಾಕಿದಳು. ಅದಕ್ಕೆ ಬಾಲ ಇರಲಿಲ್ಲ.

ಮೂರು ದಿನ ಅಮ್ಮ ಒಂದು ಮೊಲವನ್ನೂ ಕಳಿಸಲಿಲ್ಲ. ನಾಲ್ಕನೇ ದಿನ ಉತ್ತರ ಬಂತು. ಹಳೆಯ ಕರಾರು ರದ್ದಾಗಿತ್ತು. ಹೊಸದರಲ್ಲಿ ಹತ್ತು ಮೊಲ ಸಾಕು ಎಂದಿತ್ತು. ಪುಟ ಮಾತ್ರ ಹದಿನಾಲ್ಕೇ.

"ಓದು" ಎಂದಳು ಅಮ್ಮ.

"ಎಲ್ಲಾನಾ?"

"ಎಲ್ಲಾನೂ."

ಚಿಟಿಕೆ ಗಟ್ಟಿಯಾಗಿ ಓದಿದಳು. ಅರ್ಧ ಮಾತುಗಳಿಗೆ ನಾಲಿಗೆಯೇ ಹೊರಳಲಿಲ್ಲ. ಅರ್ಥವಾಗದ್ದಕ್ಕೆಲ್ಲ ಚಿಕ್ಕಮ್ಮನಿಗೆ ಫೋನ್ ಮಾಡಬೇಕಾಯಿತು. ಬಾಯಿ ಒಣಗಿತು. ಅಂತೂ ಖಾಲಿ ಚೌಕ ಬಂತು. ಬೆರಳು ತಾನಾಗಿಯೇ ಮುಂದೆ ಹೋಯಿತು. ಚಿಟಿಕೆ ಅದನ್ನು ಮಡಚಿಕೊಂಡು ಫೋನನ್ನು ಅಮ್ಮನ ಕಡೆ ಹಿಡಿದಳು.

ಅಮ್ಮ ಮೊಲದ ಕಿವಿ ಎಳೆದು ನೋಡುತ್ತಿದ್ದಳು. ಫೋನ್ ತೆಗೆದುಕೊಳ್ಳಲಿಲ್ಲ.

"ಬೇರೆಯವರಿಗೆ ಮಾರೋ ವಿಷಯ ಇತ್ತಲ್ಲ, ಆ ಏಳನೇ ಪುಟ ಇನ್ನೊಂದ್ಸಲ ಓದು."

ಬೇರೆ ದಿನವಾಗಿದ್ದರೆ ಚಿಟಿಕೆ ಕಾಲು ಅಪ್ಪಳಿಸುತ್ತಿದ್ದಳು. ಇವತ್ತು ಅಮ್ಮನ ತೊಡೆ ಮೇಲಿನ ಮೊಲದ ಅಂಗಾಲು ನೋಡಿದಳು. ಅಲ್ಲಿ ಕೆಂಪು ಹೊಲಿಗೆ ಇನ್ನೂ ಬಿದ್ದಿರಲಿಲ್ಲ. ಅವಳು ನಿಧಾನವಾಗಿ ಒಂದೊಂದೇ ಪುಟ ಹಿಂದಕ್ಕೆ ಸರಿಸಿದಳು.